ನೆಲ್ಲಿಕಾಯಿ ಕಚ್ಚಿ ಸ್ಕ್ಯಾನಿಂಗಿಗೆ

ಹುಳಿ ನಾಲಿಗೆಗೆ ತಾಗಿದ್ದೇ ತಡ, ಎಡ ದವಡೆಯ ಕೆಳಗೆ ಜಗ್ಗತೊಡಗಿತು, ಹಾಂ, ಬಾ, ಊದಿಕೋ, ಇವತ್ತು ಅಡಗಿ ಕೂತರೆ ಬಿಡುವವಳಲ್ಲ ನಾನು, ಗೋದಾ ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲೇ ನಿಂತು ನೆಲ್ಲಿಕಾಯಿಯನ್ನು ಇನ್ನೊಂದು ಸಲ ಕಚ್ಚಿದಳು — ಗಾಂಧಿ ಬಜಾರಿನ ಗಾಡಿಯಲ್ಲಿ ಉಪ್ಪುಖಾರ ಹಚ್ಚಿಸಿಕೊಂಡದ್ದು, ಏನಮ್ಮಾ ಈ ವಯಸ್ಸಲ್ಲಿ ಬಯಕೇನಾ ಅಂತ ಗಾಡಿಯವಳು ನಕ್ಕಳು, ನಗಲಿ — ಹೋದ ಸಲ, ಸ್ಕ್ಯಾನಿಂಗ್ ಅಂದ್ಮೇಲೆ ಖಾಲಿ ಹೊಟ್ಟೇಲೇ ಹೋಗ್ಬೇಕು ಕಣೇ, ಹೇಗೂ ಏಕಾದಶಿ, ಅಂದವರು ಇವರೇ, ಯಜಮಾನರು, ರಾಮಸ್ವಾಮಿ, ಹೊಟ್ಟೆಯ ಸ್ಕ್ಯಾನಿಗೆ ಹೇಳುವುದನ್ನು ಕತ್ತಿಗೂ ಅಂಟಿಸಿದರು, ತಾನೂ ಪೆದ್ದಿಯ ಹಾಗೆ ತೊಟ್ಟು ಕಾಫಿಯೂ ಕುಡಿಯದೆ ಹೋದಳು, ಬಾಯಿ ಒಣಗಿತ್ತು, ಹುಳಿ ತಿಂದರೆ ಏಳುವ ಊತ ಇಳಿದಿತ್ತು, ಎಲ್ಲಾ ನಾರ್ಮಲ್ ಅಂದುಬಿಟ್ಟರು, ಅಂದಿನಿಂದ ಪುಳಿಯೋಗರೆ ತಟ್ಟೆಯ ಮುಂದೆ ಗದ್ದ ಹಿಡಿದುಕೊಂಡರೆ ಸಾಕು, ಇವರದು ಒಂದೇ ಪಲ್ಲವಿ, ಎಲ್ಲಾ ನಿನ್ನ ಮನಸ್ಸಿಂದು ಕಣೇ.

ಅಕ್ಕನಿಗೂ ಅವಳ ಮನೆಯವರು ಹೀಗೇ ಅಂದಿದ್ದರಲ್ಲ, ಇದೇ ಜಾಗದಲ್ಲೇ ಗಂಟು, ತಾನಾಗೇ ಕರಗುತ್ತೆ ಬಿಡೇ, ಎಲ್ಲಿ ಕರಗಿತು, ಕ್ಯಾನ್ಸರ್ ಅಂತ ಗೊತ್ತಾಗುವ ಹೊತ್ತಿಗೆ ಅಕ್ಕನ ಧ್ವನಿಯೇ ಹೋಗಿತ್ತು, ಅಯ್ಯೋ ಪೆರುಮಾಳೇ, ಹೆದರಿಕೆಯಾಗುತ್ತದೆ, ಆದರೂ ಕಣ್ಣುಮುಚ್ಚಿ ಕೂರುವವಳಲ್ಲ, ಇದ್ದರೆ ಇದೆ ಅನ್ನಲಿ, ಇವತ್ತೇ ಅನ್ನಲಿ. ಮಲಗಿ ಅಮ್ಮಾ, ಗದ್ದ ಮೇಲೆತ್ತಿ, ಡಾಕ್ಟರ್ ಶರಣ್ಯ, ಮಗಳ ವಯಸ್ಸಿನ ಹುಡುಗಿ, ಕತ್ತಿಗೆ ತಣ್ಣನೆಯ ಜೆಲ್ ಸವರಿದಳು, ಬಾಯಲ್ಲೇನಿದೆ, ನೆಲ್ಲಿಕಾಯಿ, ಉಗಿಯಲ್ಲ ನೋಡಿ ನಾನು, ಬೈಯುತ್ತಾಳೆ ಅಂದುಕೊಂಡರೆ ನಕ್ಕಳು, ಒಳ್ಳೇದೇ ಆಯ್ತು, ಚೀಪ್ತಾ ಇರಿ, ನಾನೇ ನಿಂಬೆಹಣ್ಣು ಕೊಡೋಳಿದ್ದೆ. ಯಂತ್ರದ ಹಿಡಿ ದವಡೆಯಡಿ ಒತ್ತಿ ಜಾರಿತು, ನಿಂತಿತು, ಯಾಕೆ ನಿಂತಿತು, ಏನಾದರೂ ಮಾತಾಡು ಮಗಳೇ, ನೋಯ್ತಿದ್ಯಾ, ನೋಯ್ಲಿ, ಒತ್ತಿ. ಇಲ್ಲಿದೆ ನೋಡಿ ಅಮ್ಮಾ, ಜೊಲ್ಲು ಹರಿಯೋ ಕೊಳವೆ ಹಿಗ್ಗಿದೆ, ಅಡ್ಡ ಒಂದು ಕಲ್ಲು ಕೂತಿದೆ, ಗಂಟು ಗಿಂಟು ಏನೂ ಇಲ್ಲ, ಕಲ್ಲು ತೆಗೆಸಿದ್ರೆ ಆಯ್ತು.

ಕಲ್ಲು, ಬರೀ ಕಲ್ಲು, ಅಕ್ಕಾ ಕೇಳಿಸಿತೇನೇ, ಅಳು ಉಕ್ಕಿ ಬಂತು, ನೆಲ್ಲಿಕಾಯಿ ಗಂಟಲಿಗೆ ಸಿಕ್ಕಿಕೊಂಡೀತು, ತಡಿ, ಪರದೆ ಈ ಕಡೆ ತಿರುಗಿಸಮ್ಮಾ, ಹೊರಗೆ ಪೇಪರ್ ಓದ್ತಾ ಕೂತಿದಾರಲ್ಲ, ಅವರನ್ನೂ ಕರೀರಿ, ರೀ, ಬನ್ರೀ ಒಳಗೆ, ಕನ್ನಡಕ ಹಾಕ್ಕೊಂಡೇ ಬನ್ನಿ. ಬಂದರು, ಬಗ್ಗಿ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದರು. ಬೂದು ಮಬ್ಬಿನ ನಡುವೆ ಕಪ್ಪು ದಾರಿ, ದಾರಿಗೆ ಅಡ್ಡ ಸಬ್ಬಕ್ಕಿಯಷ್ಟು ಬಿಳಿ ಚುಕ್ಕೆ, ಚುಕ್ಕೆಯ ಹಿಂದೆ ಉದ್ದ ನೆರಳು, ಇನ್ನು ಇದನ್ನು ತೆಗೆಸಬೇಕು, ಎಲ್ಲಿ, ಯಾವಾಗ, ಕೇಳಬೇಕು, ಕೇಳುತ್ತೇನೆ, ಇರು, ಆ ಬಿಳಿ ಚುಕ್ಕೆ — ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ, ನನ್ನ ಮನಸ್ಸಿಂದಲ್ಲ, ಬಿಳಿ ಚುಕ್ಕೆ —