ಏಳನೆಯ ಕಾರ್ನೇಷನ್

ವೆಲಿಚ್ಕಾ ಮೇಡಂ ನಲವತ್ತೊಂದು ವರ್ಷ ನಮ್ಮ ವಿಶ್ವವಿದ್ಯಾಲಯದ ಒತ್ತಿ ಒಣಗಿಸಿದ ಗಿಡಗಳ ಸಂಗ್ರಹ ಕಾದವರು. ನಮ್ಮೂರು ಪ್ಲೋವ್ದಿವ್ ಸುತ್ತಲಿನ ಬೆಟ್ಟದ ಒಂದೊಂದು ಹುಲ್ಲುಕಡ್ಡಿಗೂ ಅವರಲ್ಲಿ ಹಾಳೆ, ಚೀಟಿ ಇತ್ತು. ಶುಕ್ರವಾರ ಅವರ ನಿವೃತ್ತಿ.

"ಬೀಳ್ಕೊಡುಗೆ ಗೀಳ್ಕೊಡುಗೆ ಏನೂ ಬೇಡ ಕಣೇ ಕಲೀನಾ. ಯಾರೂ ಬರಲ್ಲ. ಖಾಲಿ ಕುರ್ಚಿಗಳಿಗೆ ಚೀಸ್ ಬಾನಿತ್ಸಾ ಬೇಯಿಸಿ ಹಂಚ್ಲಾ ನಾನು?" ಎಂದಿದ್ದರು.

ಆ ಮಾತು ನನ್ನನ್ನು ಚುಚ್ಚಿತು. ವಿಶ್ವವಿದ್ಯಾಲಯದ ಫೇಸ್‌ಬುಕ್ ಪುಟ ನೋಡಿಕೊಳ್ಳುವವಳು ನಾನು. ಕುಲಪತಿಗಳು ರಿಬ್ಬನ್ ಕತ್ತರಿಸುವುದನ್ನು ಹಾಕಿ ಹಾಕಿ ನಾನೂ, ನೋಡಿ ನೋಡಿ ಊರೂ ಬೇಸತ್ತಿದ್ದೆವು. ಇವರಿಗಾಗಿ ನಾಲ್ಕು ಜನರನ್ನಾದರೂ ಸೇರಿಸಲೇಬೇಕೆಂದು ಹಠ ಬಂತು. ಏಳು ಕಾರ್ನೇಷನ್ ಹೂ ತಂದು ಅವರ ಕೈಗಿತ್ತು ಫೋಟೋ ತೆಗೆದೆ. ಅಂದಕ್ಕೆಂದು ಕಪ್ಪುಬಿಳುಪು ಮಾಡಿದೆ, ಚೌಕಕ್ಕೆ ಹೊಂದಲೆಂದು ಅಂಚು ಕತ್ತರಿಸಿದೆ. "ನಲವತ್ತೊಂದು ವರ್ಷಗಳಿಗೆ ಕೃತಜ್ಞತೆ. ಬೀಳ್ಕೊಡುಗೆ ಶುಕ್ರವಾರ ಹನ್ನೊಂದಕ್ಕೆ" ಎಂದು ಬರೆದು ಊಟಕ್ಕೆ ಹೋದೆ.

ಬಂದು ನೋಡಿದರೆ ಮುನ್ನೂರು ಕಾಮೆಂಟು. "ಮಣ್ಣು ಹಗುರವಾಗಿರಲಿ." "ದೇವರು ಅವರನ್ನು ಕ್ಷಮಿಸಲಿ." ಹೂ ಎಣಿಸಿದೆ. ಆರು. ಏಳನೆಯದು ನನ್ನ ಕತ್ತರಿಗೆ ಹೋಗಿತ್ತು. ನಮ್ಮಲ್ಲಿ ಸಮಸಂಖ್ಯೆಯ ಹೂವು ಸತ್ತವರಿಗೆ ಮಾತ್ರ, ಎಳೆಮಗುವಿಗೂ ಗೊತ್ತು. ಮೇಲೆ ಕಪ್ಪುಬಿಳುಪು ಫೋಟೋ, ಕೆಳಗೆ 'ಬೀಳ್ಕೊಡುಗೆ'. ಊರೆಲ್ಲ ಸೇರಿ ಮೇಡಂ ಅವರನ್ನು ಮಣ್ಣು ಮಾಡಿಬಿಟ್ಟಿತ್ತು.

ಅವರ ಕೋಣೆಗೆ ಓಡಿದೆ. ಅವರು ಆಗಲೇ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಫೋನ್ ಓದುತ್ತಿದ್ದರು.

"ತಪ್ಪಾಯ್ತು ಮೇಡಂ. ಈಗ್ಲೇ ಅಳಿಸ್ತೀನಿ."

"ಸುಮ್ನೆ ಕೂತ್ಕೊಳೇ. ನಂಗಿನ್ನೂ ನೂರು ಓದೋದಿದೆ."

ದೂರದ ವರ್ನಾ ಊರಿನಿಂದ ಪ್ಲಾಮೆನ್ ಎಂಬವನು ಬರೆದಿದ್ದ: "ನಾನು ಫೇಲಾದ ದಿನ ಬೆಟ್ಟಕ್ಕೆ ಕರೆದೊಯ್ದು ಸಂಜೆಯವರೆಗೆ ಗಿಡ ತೋರಿಸಿದಿರಿ. ಈಗ ಅರಣ್ಯಾಧಿಕಾರಿಯಾಗಿದ್ದೇನೆ. ಒಮ್ಮೆಯೂ ಬಂದು ಹೇಳಲಿಲ್ಲ." ಮೇಡಂ ಅದನ್ನು ಎರಡು ಸಲ ಓದಿದರು. ಅವರ ಕಣ್ಣು ತುಂಬಿತು, ನನ್ನದೂ.

"ಇಷ್ಟು ವರ್ಷ ಒಂದು ಕಾಗದ ಹಾಕಿಲ್ಲ, ಕತ್ತೆ," ಎಂದರು. "ಇವ್ನಿಗೆ ಉತ್ತರ ನಾನೇ ಬರೀತೀನಿ. ಎಲ್ಲಿ ಒತ್ಬೇಕು, ತೋರ್ಸು."

ಒಂದೇ ಬೆರಳಲ್ಲಿ ಒತ್ತಿದರು: "ಇನ್ನೂ ಇದ್ದೀನಿ, ಪ್ಲಾಮೆನ್. ಶುಕ್ರವಾರ ಬಂದು ಹೇಳು."

ಶುಕ್ರವಾರ ಕುರ್ಚಿ ಸಾಲದೆ ಜನ ಕಿಟಕಿಯ ಕಟ್ಟೆಯ ಮೇಲೆ ಕೂತರು. ಐವತ್ತು ದಾಟಿದ ಗಂಡಸೊಬ್ಬ ಬಾಗಿಲಲ್ಲೇ ನಿಂತು ತನ್ನ ಹೂಗಳನ್ನು ಎಣಿಸುತ್ತಿದ್ದ. ಮೇಡಂ ನೇರ ಅವನ ಬಳಿಗೆ ಹೋದರು.

"ಎಷ್ಟಿದಾವೋ ಪ್ಲಾಮೆನ್?"

"ಒಂಬತ್ತು ಮೇಡಂ. ಮೂರು ಸಲ ಎಣಿಸ್ದೆ."

"ಸರಿ. ಏನೋ ಹೇಳೋದಿತ್ತಲ್ಲ, ಹೇಳು."

ಅವನು ಮತ್ತೆ ಹೂ ಎಣಿಸತೊಡಗಿದ. ಮೇಡಂ ಹೂ ತೆಗೆದುಕೊಂಡು ಅವನ ಕೈಯಲ್ಲಿ ಒಂದು ತುಂಡು ಬಾನಿತ್ಸಾ ಇಟ್ಟರು.

"ಮೊದ್ಲು ತಿನ್ನು. ನಂಗೇನೂ ಅವಸರ ಇಲ್ಲ."