ಬರೀ ನೀರು

“ಎತ್ತೇ ಕ್ಯಾನು, ಮುಂಡೆ! ನೀರು ಅದು, ಬರೀ ನೀರು. ನೀರಿಗೂ ಹೆದರ್ತಾರೇನೇ ಯಾರಾದ್ರೂ?”

ಹೀಗೆ ಗುಟುರು ಹಾಕಿದವನು ಕಾರ್ಖಾನೆಯ ಸೂಪರ್‌ವೈಸರ್. ಅವನಿಗೆ ಗುಟುರಪ್ಪನೆಂದು ಹೆಂಗಸರೇ ಹೆಸರಿಟ್ಟಿದ್ದರು. ಕ್ಯಾನಿನಲ್ಲಿದ್ದದ್ದು ತುಕ್ಕು ತಿನ್ನುವ ಆಸಿಡ್. ಆದರೆ ಆ ಮಾತು ಯಾರ ಬಾಯಿಂದ ಬಂದರೂ ಅವತ್ತಿಗೆ ಅವರು ಗೇಟಿನಾಚೆ. ಕ್ಯಾನುಗಳ ಮೇಲಿನ ಚೀಟಿಯನ್ನೆಲ್ಲ ಅವನೇ ಕೀಳಿಸಿದ್ದ. ಚೀಟಿಯಿದ್ದರೆ ಕೈಗವಸು ಕೊಡಬೇಕು, ಕನ್ನಡಕ ಕೊಡಬೇಕು. ನೀರು ಮುಟ್ಟುವವರಿಗೆ ಯಾಕೆ ಅವೆಲ್ಲ? ಅವು ಅವನ ಕೋಣೆಯ ಗಾಜಿನ ಬೀರುವಿನಲ್ಲಿ ಒಡವೆಯ ಹಾಗೆ ಕೂತಿದ್ದವು. ಬೀಗದ ಕೈ ಅವನ ಸೊಂಟದಲ್ಲಿತ್ತು.

ಡ್ರಮ್ಮಕ್ಕ ಕ್ಯಾನು ಎತ್ತಿದಳು. ಡ್ರಮ್ಮು ತೊಳೆದೂ ತೊಳೆದೂ ಅವಳಿಗೆ ಆ ಹೆಸರು. ಹೋದ ವಾರ ಅವಳ ನಾದಿನಿಯ ಎರಡು ಬೆರಳಿನ ಚರ್ಮ ಸುಲಿದು ಬಂದಿತ್ತು. ಮನೆಯಲ್ಲಿ ಬಿಸಿನೀರು ಚೆಲ್ಲಿಕೊಂಡಳೆಂದು ಗುಟುರಪ್ಪ ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಅಲ್ಲೂ ನೀರೇ ನೋಡಿ! ನಾಳೆ ಆ ಹುಡುಗಿ ಮತ್ತೆ ಬರಿಗೈಯಲ್ಲಿ ಕೆಲಸಕ್ಕೆ ನಿಲ್ಲಬೇಕು.

ಮಧ್ಯಾಹ್ನ ತಪಾಸಣೆಗೆ ಅಧಿಕಾರಿ ಬಂದರು. ಗುಟುರಪ್ಪ ಬೆಣ್ಣೆಯಾದ. ಅಪಾಯದ ವಸ್ತು ಇಲ್ಲಿ ಒಂದು ತೊಟ್ಟೂ ಇಲ್ಲ, ತೊಳೆಯುವುದೆಲ್ಲ ನೀರಿನಲ್ಲೇ ಎಂದು ಹಲ್ಲು ಕಿರಿದ. ಅಧಿಕಾರಿಗೆ ಬಿಸಿಲಿಗೆ ಗಂಟಲು ಒಣಗಿತ್ತು.

“ಲೇ, ಸಾಹೇಬ್ರಿಗೆ ನೀರು ತಗೊಂಬಾ” ಎಂದು ಗುಟುರಪ್ಪ ಡ್ರಮ್ಮಕ್ಕನಿಗೆ ಕೂಗಿದ.

ಅವಳು ಹೋದದ್ದು ಡ್ರಮ್ಮು ತೊಳೆಯುವ ಕಡೆಗೆ. ಅಲ್ಲಿಂದ ಬಿಳಿ ಕ್ಯಾನೊಂದನ್ನು ಎತ್ತಿ ತಂದು ಎರಡು ಗಾಜಿನ ಲೋಟಕ್ಕೆ ಬಗ್ಗಿಸಿದಳು. ಕಾಗದಕ್ಕೆ ಸಹಿ ಹಾಕಿಸುವ ಆತುರದಲ್ಲಿದ್ದ ಗುಟುರಪ್ಪ ತಲೆಯೆತ್ತಿ ಆ ಕ್ಯಾನು ಕಾಣುವಷ್ಟರಲ್ಲಿ ಲೋಟ ಅಧಿಕಾರಿಯ ತುಟಿಯ ಹತ್ತಿರವಿತ್ತು.

ಗುಟುರಪ್ಪ ಹಾರಿಬಿದ್ದು ಲೋಟಕ್ಕೆ ಹೊಡೆದ. “ಕುಡೀಬೇಡಿ ಸಾರ್! ಆಸಿಡ್ ಅದು! ಆ ಕ್ಯಾನೆಲ್ಲಾ ಆಸಿಡ್ಡೇ!”

ಗಾಜು ಚೂರಾಯಿತು. ಅಧಿಕಾರಿ ಸಾಲಾಗಿ ನಿಂತ ಕ್ಯಾನುಗಳನ್ನು ನೋಡಿದರು, ಆಮೇಲೆ ಹೆಂಗಸರ ಬರಿಗೈಗಳನ್ನು. ಹಿಂದಿನಿಂದ ಯಾರೋ, ಸೂಪರ್‌ವೈಸರ್ರು ಆ ಮಾತು ಆಡಿಬಿಟ್ಟರಲ್ಲ, ಇವತ್ತಿಗೆ ಅವರೂ ಗೇಟಿನಾಚೆ ತಾನೆ, ಎಂದು ಕೇಳಿದರು. ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದರು.

ಡ್ರಮ್ಮಕ್ಕ ಉಳಿದ ಲೋಟವನ್ನೆತ್ತಿ ಗಟಗಟ ಕುಡಿದಳು. ತಪಾಸಣೆಯ ಸುದ್ದಿ ಸಿಕ್ಕ ದಿನವೇ ಅಂಗಡಿಯಿಂದ ಅಂಥದ್ದೇ ಹೊಸ ಕ್ಯಾನು ತಂದು ನಲ್ಲಿ ನೀರು ತುಂಬಿಟ್ಟಿದ್ದಳು. ಬಾಯಿ ಒರೆಸಿಕೊಂಡು ಗುಟುರಪ್ಪನ ಮುಂದೆ ಅಂಗೈ ಚಾಚಿದಳು.

“ಇದು ಬರೀ ನೀರು ಸಾರ್. ಬೀಗದ ಕೈ ಕೊಡಿ. ನಮ್ಮ ಹುಡುಗಿಗೆ ನಾಳೆ ಕೈಗವಸು ಬೇಕು.”