ಅಂಟು ಕಚ್ಚುವ ಮೊದಲು

ಮಾವನ ಕೈ ನಡುಗತೊಡಗಿದ ಮೇಲೆ ಮರಗೆಲಸದ ಅಂಗಡಿಯಲ್ಲಿ ಉಳಿ ಹಿಡಿಯುವವಳು ಸೊಸೆಯೊಬ್ಬಳೇ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಕೂರಲಾರದೆ ಕೆಲಸಕ್ಕೆ ಬರತೊಡಗಿದ್ದಳು.

"ಈ ಕುರ್ಚಿ ನೀನೊಬ್ಬಳೇ ಕೂಡಿಸು. ಸರಿಹೋಯ್ತೋ, ಅಂಗಡಿ ನಡೆಸು. ಇಲ್ವೋ, ಮಾರಿಬಿಡೋಣ," ಎಂದಿದ್ದರು ಮಾವ. ಮರ ಗಂಡ ಕೊಯ್ದಿಟ್ಟು ಹೋದದ್ದು. ಅದರಲ್ಲಿ ಇನ್ನೊಂದು ತುಂಡು ಉಳಿದಿರಲಿಲ್ಲ.

ಹಿಂಗಾಲುಗಳ ನಡುವಿನ ಅಡ್ಡಪಟ್ಟಿಗೆ ಅಂಟು ಸವರಿ, ಮರದ ಕೊಡತಿಯಿಂದ ಬಡಿದು ಕೂರಿಸಿದಳು. ಸಂದಿನಲ್ಲಿ ಕೂದಲೆಳೆಯೂ ತೂರುವಂತಿರಲಿಲ್ಲ. ಹಿಂದೆ ಸರಿದು ನೋಡಿದಳು. ಕುರ್ಚಿಯ ಬೆನ್ನಿನ ಕಡ್ಡಿಗಳು ಇಳಿಯಬೇಕಾದ ತೂತುಗಳು ನೆಲಕ್ಕೆ ಮುಖ ಮಾಡಿದ್ದವು.

"ಮಾವ, ಪಟ್ಟಿ ತಲೆಕೆಳಗಾಗಿದೆ!"

"ನೋಡ್ದೆ."

"ಮೊದಲೇ ಹೇಳಬಾರದಿತ್ತಾ?"

"ನಿನ್ನ ಬಡಿತದ ಭರಾಟೇಲಿ ನನ್ನ ಮಾತು ಎಲ್ಲಿ ಕೇಳ್ಬೇಕು? ಬೇಗ ಬಿಚ್ಚು, ಅಂಟು ಕಚ್ಚಿದ್ರೆ ಮುಗೀತು."

ಕೈಗೆ ಸಿಕ್ಕ ಕಬ್ಬಿಣದ ಸುತ್ತಿಗೆ ಎತ್ತಿಕೊಂಡಳು.

"ಅದರಲ್ಲಿ ಹೊಡೆದ್ರೆ ಕಾಲು ಸೀಳುತ್ತೆ ಕಣಮ್ಮ!"

ರಬ್ಬರ್ ಸುತ್ತಿಗೆ ಹಿಡಿದಳು. ಕಾಲಿಗೆ ಪೆಟ್ಟು ನಾಟುವ ಬದಲು ಸುತ್ತಿಗೆಯೇ ಪುಟಿದು ಬಂತು.

"ಚೆಂಡಾಟ ಆಡ್ತಿದ್ದೀಯಾ? ನೆಲಕ್ಕೆ ಬಿಲ್ಲೆ ಹಾಸೋರು ತಟ್ಟೋಕೆ ಇಟ್ಕೊಳ್ಳೋದು ಅದು."

ಕೊನೆಗೆ ಮತ್ತೆ ಕೊಡತಿಯೇ. ಆದರೆ ಈ ಸಲ ನೇರವಾಗಿ ಹೊಡೆಯಲಿಲ್ಲ. ಸಂದಿನ ಪಕ್ಕದಲ್ಲೇ, ಕಾಲಿನ ಒಳಮೈಗೆ, ಒಂದು ಕಟ್ಟಿಗೆ ಚೂರು ಒತ್ತಿ ಹಿಡಿದಳು.

"ಆ ಕಾಲು ಅಲುಗದ ಹಾಗೆ ಹಿಡೀತೀರಾ?"

"ಕೈಲಾಗಲ್ಲ, ಹೊಟ್ಟೆ ಇದೆಯಲ್ಲ," ಎಂದು ಮಾವ ಇನ್ನೊಂದು ಕಾಲಿನ ಮೇಲೆ ಮೈಭಾರವನ್ನೆಲ್ಲ ಹೇರಿ ಬೋರಲಾದರು.

ಚೂರನ್ನು ಪಟ್ಟಿಯ ಮೇಲ್ಬದಿಗಿಟ್ಟು ಒಂದು ಪೆಟ್ಟು, ಕೆಳಬದಿಗಿಟ್ಟು ಒಂದು ಪೆಟ್ಟು. ಸಂದು ಪಟಕ್ಕೆಂದು ಬಾಯಿಬಿಟ್ಟಿತು. ಅಂಟು ಎಳೆಎಳೆಯಾಗಿ ಜಗ್ಗಿ ಕಾಲು ಕಳಚಿಕೊಂಡಿತು. ಇನ್ನೊಂದು ಕಾಲನ್ನೂ ಹಾಗೆಯೇ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಹೊಸ ಅಂಟು ಹಚ್ಚಿ, ಪಟ್ಟಿಯನ್ನು ತಿರುಗಿಸಿ ಕೂರಿಸಿದಳು.

ಮಾವ ಸಂದಿನ ಮೇಲೆ ಬೆರಳಾಡಿಸಿದರು. ಬೆರಳು ನಡುಗುತ್ತಿದ್ದರೂ ಎಲ್ಲೂ ತಡೆಯಲಿಲ್ಲ.

"ನಾಳೆ ಮರ ಆರಿಸೋಕೆ ಮಿಲ್ಲಿಗೆ ನೀನೇ ಹೋಗು. ನಂಗೆ ಅಷ್ಟು ದೂರ ನಡೆಯೋಕಾಗಲ್ಲ."

"ಎಂಥದ್ದು ತರಲಿ?"

"ಕುರ್ಚಿ ಮಾಡೋಳು ನೀನು, ನನ್ನ ಕೇಳ್ತೀಯಾ? ಮೊದಲು ಕೈ ತೊಳ್ಕೋ ಹೋಗು, ಬೆರಳು ಅಂಟ್ಕೊಂಡುಬಿಡ್ತಾವೆ."

ಅವಳು ನಲ್ಲಿಯ ಕಡೆ ನಡೆದಳು.